ಆಯಿಯ ಎದೆಯ ಮೇಲಿನ ಕೆಂಪು ಸೋಂಕೋ, ಚಿಕಿತ್ಸೆಯದೇ ಗುರುತೋ?

ಪ್ರಶ್ನೆ: ಡಾಕ್ಟ್ರೇ, ನಾವು ಕುಮಟಾ ತಾಲೂಕಿನ ಹಳ್ಳಿಯವರು. ಆಯಿಗೆ 57 ವರ್ಷ. ಎರಡು ವರ್ಷದ ಹಿಂದೆ ಎಡ ಸ್ತನದ ಕ್ಯಾನ್ಸರಿಗೆ ಆಪರೇಶನ್ ಆಯಿತು, ಆಮೇಲೆ ಕಿಮೋ, ಕೊನೆಗೆ 15 ಸಲ ರೇಡಿಯೇಶನ್. ರೇಡಿಯೇಶನ್ ಮುಗಿದು 14 ತಿಂಗಳಾಯಿತು. ಈಗ ಲಿವರಿನಲ್ಲಿ ಮತ್ತೆ ಕಾಣಿಸಿಕೊಂಡಿದೆ ಎಂದು ಹೊಸ ಕಿಮೋ ಶುರು ಮಾಡಿದ್ದಾರೆ. ಫೈಲಿನಲ್ಲಿ ಡೋಸಿಟ್ಯಾಕ್ಸೆಲ್ ಎಂದಿದೆ. ಮೊದಲ ಡೋಸ್ ಆಗಿ ಏಳನೇ ದಿನ ಎಡ ಎದೆ ಕೆಂಪಾಯಿತು, ಮುಟ್ಟಿದರೆ ಬಿಸಿ, ಉರಿ. ಊರಿನ ಡಾಕ್ಟರು ಸೋಂಕು ಎಂದು 5 ದಿನ ಮಾತ್ರೆ ಕೊಟ್ಟರು, ಕಡಿಮೆಯಾಗಲಿಲ್ಲ. ರಕ್ತ ಪರೀಕ್ಷೆಯಲ್ಲಿ ಬಿಳಿಕಣ 18,400 ಬಂತು ಎಂದು ಬೇರೆ ಆ್ಯಂಟಿಬಯೋಟಿಕ್ ಬರೆದರು. ಅದಕ್ಕೂ ಕಡಿಮೆಯಿಲ್ಲ. ಜ್ವರ ಬಂದಿಲ್ಲ. ಪಕ್ಕದ ಮನೆಯವರು ಸರ್ಪಸುತ್ತು ಎನ್ನುತ್ತಾರೆ, ಗರಿಕೆ ಅರಿಶಿನ ಅರೆದು ಹಚ್ಚಿಸಿ ಎಂದರು. ಮಾವ ಮಾತ್ರ ಕ್ಯಾನ್ಸರೇ ಚರ್ಮಕ್ಕೆ ಬಂದಿರಬಹುದು ಎಂದು ಹೆದರಿಸಿದ್ದಾರೆ. ಕೆಂಪು ಮೇಲ್ಗಡೆ ಗೆರೆ ಎಳೆದ ಹಾಗೆ ನಿಂತಿದೆ, ಫೋಟೊ ಕಳಿಸಿದ್ದೇನೆ. ಐದು ದಿನಕ್ಕೆ ಎರಡನೇ ಕಿಮೋ. ಹೋಗಬೇಕೋ, ನಿಲ್ಲಿಸಬೇಕೋ? ಮನೆಯಲ್ಲಿ ಒಂದೂವರೆ ವರ್ಷದ ಮಗು ಇದೆ. ಆಯಿ ಅವನನ್ನು ಎತ್ತಿಕೊಳ್ಳಬಹುದೇ ಎಂದು ದಿನಾ ಕೇಳುತ್ತಾರೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಆ ಒಂದು ಮಾತಿನ ಮೇಲೆ, ಗೆರೆ ಎಳೆದ ಹಾಗೆ. ಫೋಟೊ ದೊಡ್ಡದು ಮಾಡಿ ನೋಡಿದೆ. ಕೊರಳೆಲುಬಿನ ಕೆಳಗೆ ಕೆಂಪು ಅಡ್ಡಕ್ಕೆ ನೇರ ನಿಂತಿದೆ, ಎದೆಯ ನಡುವೆ ಉದ್ದಕ್ಕೆ ನೇರ ಇಳಿದಿದೆ. ಆ ಎರಡು ಗೆರೆ ಕೂಡುವ ಮೂಲೆಯ ಹತ್ತಿರ ಸಾಸಿವೆ ಕಾಳಿನಷ್ಟು ಒಂದು ನೀಲಿ ಚುಕ್ಕೆ. ಅದು ಮಚ್ಚೆಯಲ್ಲ. ರೇಡಿಯೇಶನ್ ಕೊಡುವಾಗ ದಿನಾ ಒಂದೇ ಜಾಗಕ್ಕೆ ಕಿರಣ ಬೀಳಲಿ ಎಂದು ನಾವೇ ಸೂಜಿಯಲ್ಲಿ ಹಾಕುವ ಹಚ್ಚೆ. ಬ್ಯಾಕ್ಟೀರಿಯಾಕ್ಕೆ ನೇರ ಗೆರೆ ಗೊತ್ತಿಲ್ಲ. ಅದು ಹಬ್ಬುವಾಗ ಅಂಚು ಅಂಕುಡೊಂಕಾಗಿರುತ್ತದೆ, ಇವತ್ತಿದ್ದಲ್ಲಿ ನಾಳೆ ಇರುವುದಿಲ್ಲ. ಮೈಮೇಲೆ ಮೂಲೆಯಿರುವ ಕೆಂಪು ಕಂಡರೆ ಅಲ್ಲಿ ಮನುಷ್ಯ ಮಾಡಿದ್ದು ಏನೋ ಇದೆ ಎಂದೇ ನಾನು ಹುಡುಕಲು ಶುರು ಮಾಡುತ್ತೇನೆ.

ಫೋಟೊ ನೋಡಿ ರೋಗ ನಿರ್ಣಯ ಮಾಡಬಾರದು, ನಾನೂ ಮಾಡುವುದಿಲ್ಲ. ಆದರೆ ನೀವು ಹೇಳಿದ ದಿನಗಳ ಲೆಕ್ಕ, ಔಷಧಿಯ ಹೆಸರು, ಜ್ವರ ಇಲ್ಲದಿರುವುದು, ಈ ಅಂಚು, ಎಲ್ಲ ಸೇರಿದಾಗ ಇದು ರೇಡಿಯೇಶನ್ ರೀಕಾಲ್ ಆಗಿರುವ ಸಾಧ್ಯತೆಯೇ ಹೆಚ್ಚು. ಯಾವತ್ತೋ ಕಿರಣ ಕೊಟ್ಟು, ಗುಣವಾಗಿ, ಬಣ್ಣವೂ ತಿಳಿಯಾದ ಚರ್ಮ, ಮುಂದೆ ಬೇರೆ ಔಷಧಿ ಮೈಸೇರಿದಾಗ ಅದೇ ಜಾಗದಲ್ಲಿ, ಅಷ್ಟೇ ಅಳತೆಯಲ್ಲಿ ಮತ್ತೆ ಕೆರಳುತ್ತದೆ. ನಮ್ಮ ಕಡೆ ಮಣ್ಣಿನ ಗೋಡೆಯ ಹಳೇ ಒರತೆ ಕಲೆಗೆ ಬೇಸಿಗೆಯಲ್ಲಿ ಎಷ್ಟು ಸುಣ್ಣ ಬಳಿದರೂ ಮೊದಲ ಮಳೆಗೆ ಅದೇ ಆಕಾರದಲ್ಲಿ ಎದ್ದು ಬರುತ್ತದಲ್ಲ, ಹಾಗೆ. ಇದನ್ನು 1959ರಲ್ಲಿ ಅಮೆರಿಕದಲ್ಲಿ ಡ್ಯಾಂಜಿಯೊ ಮತ್ತು ಸಂಗಡಿಗರು ಆ್ಯಕ್ಟಿನೋಮೈಸಿನ್ ಡಿ ಎಂಬ ಔಷಧಿಯ ಜೊತೆ ಮೊದಲು ಗುರುತಿಸಿದರು. ಇವತ್ತು ಡೋಸಿಟ್ಯಾಕ್ಸೆಲ್, ಪ್ಯಾಕ್ಲಿಟ್ಯಾಕ್ಸೆಲ್, ಡಾಕ್ಸೋರುಬಿಸಿನ್, ಜೆಮ್‌ಸಿಟಬಿನ್, ಕೆಪ್‌ಸಿಟಬಿನ್ ಇವುಗಳಲ್ಲಿ ಕಾಣುತ್ತೇವೆ. ಕಿರಣಕ್ಕೂ ಔಷಧಿಗೂ ನಡುವೆ ಕೆಲವು ದಿನ ಇರಬಹುದು, ಕೆಲವು ವರ್ಷವೂ ಇರಬಹುದು. 14 ತಿಂಗಳು ಎನ್ನುವುದು ನನಗೆ ಆಶ್ಚರ್ಯದ ಲೆಕ್ಕವಲ್ಲ. ರಕ್ತನಾಳಕ್ಕೆ ಕೊಡುವ ಔಷಧಿಯಾದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಕೆಂಪು ಏಳುತ್ತದೆ. ಯಾಕೆ ಹೀಗಾಗುತ್ತದೆ ಎಂಬುದರ ಬಗ್ಗೆ ವೈದ್ಯಲೋಕದಲ್ಲಿ ಇನ್ನೂ ಒಮ್ಮತವಿಲ್ಲ. ಕಿರಣ ಬಿದ್ದ ಚರ್ಮದ ತಳದ ಕೋಶಗಳು ಮೊದಲಿನಷ್ಟು ಗಟ್ಟಿ ಉಳಿದಿರುವುದಿಲ್ಲ ಎಂಬುದು ಒಂದು ವಾದ. ಆ ಜಾಗದ ಮಟ್ಟಿಗೆ ಔಷಧಿಗೆ ಆಗುವ ಅಲರ್ಜಿಯಂಥ ಪ್ರತಿಕ್ರಿಯೆ ಎಂಬುದು ಇನ್ನೊಂದು.

ಊರಿನ ಡಾಕ್ಟರ ಮೇಲೆ ಬೇಸರ ಬೇಡ. ಕಿಮೋ ಆಗಿ ಏಳನೇ ದಿನ ಕೆಂಪಾಗಿ ಬಿಸಿಯಾದ ಎದೆ ಕಂಡಾಗ ಮೊದಲ ಸಲ ಆ್ಯಂಟಿಬಯೋಟಿಕ್ ಕೊಟ್ಟದ್ದು ಸರಿಯೇ. ಅವರ ಜಾಗದಲ್ಲಿ ನಾನಿದ್ದರೂ ಕೊಡುತ್ತಿದ್ದೆ. ನನ್ನ ತಕರಾರು ಎರಡನೆಯದರ ಬಗ್ಗೆ. ಒಂದು ಔಷಧಿಗೆ ಜಗ್ಗದ ಕೆಂಪಿಗೆ ಇನ್ನೊಂದನ್ನು ಬರೆಯುವ ಮೊದಲು ಕಿಮೋ ಕೊಟ್ಟವರಿಗೆ ಒಂದು ಫೋನ್ ಹೋಗಬೇಕಿತ್ತು. ಬೇಡದ ಆ್ಯಂಟಿಬಯೋಟಿಕ್ಕಿನಿಂದ ಭೇದಿಯಾಗುತ್ತದೆ, ಬಾಯಲ್ಲಿ ಬಿಳಿ ಬೂಷ್ಟು ಏಳುತ್ತದೆ, ನಾಳೆ ನಿಜವಾದ ಸೋಂಕು ಬಂದಾಗ ಅದೇ ಔಷಧಿ ಕೆಲಸ ಮಾಡದೆ ಹೋಗಬಹುದು.

ಆ 18,400ರ ವಿಷಯ. ಕಿಮೋ ಆದ ಮಾರನೇ ದಿನ ಹೊಟ್ಟೆಗೋ ತೋಳಿಗೋ ಒಂದು ಸಣ್ಣ ಇಂಜೆಕ್ಷನ್ ಕೊಟ್ಟಿದ್ದರೇ? ಫೈಲಿನಲ್ಲಿ ಪೆಗ್‌ಫಿಲ್‌ಗ್ರಾಸ್ಟಿಮ್ ಅಥವಾ ಫಿಲ್‌ಗ್ರಾಸ್ಟಿಮ್ ಎಂದು ಇದೆಯೇ ನೋಡಿ. ಬಿಳಿಕಣ ಹೆಚ್ಚಿಸಲೆಂದೇ ಕೊಡುವ ಔಷಧಿ ಅದು. ಅದು ಕೆಲಸ ಮಾಡಿದೆ ಎಂಬುದಕ್ಕೇ 18,000, 20,000 ಬರಬಹುದು. ಜೊತೆಗೆ ಸೊಂಟ, ಎದೆಮೂಳೆ ನೋವು, ಮೈ ಬೆಚ್ಚಗಾಗುವುದೂ ಉಂಟು. ಡೋಸಿಟ್ಯಾಕ್ಸೆಲ್ ಜೊತೆ ಮೂರು ದಿನ ನುಂಗಿಸುವ ಡೆಕ್ಸಮೆಥಸೋನ್ ಮಾತ್ರೆಯಿಂದಲೂ ಬಿಳಿಕಣ ಏರುತ್ತದೆ. ಲ್ಯಾಬಿನವರ ಕಾಗದದಲ್ಲಿ ಆ ಅಂಕಿಯ ಮುಂದೆ ದಪ್ಪ ಅಕ್ಷರ ಬಿದ್ದಿರುತ್ತದೆ, ಇಂಜೆಕ್ಷನ್ನಿನ ಸುದ್ದಿ ಎಲ್ಲೂ ಇರುವುದಿಲ್ಲ.

ಸರ್ಪಸುತ್ತಿನ ಮಾತು. ಪಕ್ಕದ ಮನೆಯವರನ್ನು ತಳ್ಳಿಹಾಕಲಾರೆ, ಯಾಕೆಂದರೆ ಕಿಮೋ ತೆಗೆದುಕೊಳ್ಳುವವರಿಗೆ ಸರ್ಪಸುತ್ತು ನಿಜಕ್ಕೂ ಬರುತ್ತದೆ. ಅದು ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ (ಸೀತಾಳೆ ಸಿಡುಬು) ಆದಾಗ ನರದೊಳಗೆ ಉಳಿದ ವೈರಸ್ಸು. ಮೊದಲು ಒಂದೆರಡು ದಿನ ಚುಚ್ಚುವ ನೋವು, ಆಮೇಲೆ ನೀರು ತುಂಬಿದ ಗುಳ್ಳೆಗಳ ಗೊಂಚಲು, ಬೆನ್ನಿನಿಂದ ಪಕ್ಕೆಯ ಸುತ್ತ ಮುಂದಕ್ಕೆ ಪಟ್ಟಿಯ ಹಾಗೆ. ನಿಮ್ಮ ಆಯಿಗೆ ಗುಳ್ಳೆ ಇಲ್ಲ, ಬೆನ್ನಲ್ಲಿ ಏನೂ ಇಲ್ಲ ಎಂದಾದರೆ ಅದಲ್ಲ. ಗುಳ್ಳೆ ಕಂಡರೆ ವೈರಸ್ ವಿರುದ್ಧದ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಮಂತ್ರ ಹಾಕಿಸಿಕೊಂಡು ಬರುವುದರಲ್ಲಿ ಆ ಮೂರು ದಿನ ಕಳೆಯಬೇಡಿ. ಗರಿಕೆ, ಅರಿಶಿನ, ಇನ್ಯಾವ ಸೊಪ್ಪಿನ ರಸವೂ ಈ ಚರ್ಮಕ್ಕೆ ಸದ್ಯ ಬೇಡ. ಅರೆದದ್ದರಲ್ಲಿ ಮಣ್ಣಿನ ಕ್ರಿಮಿ ಇರುತ್ತದೆ. ಜೊತೆಗೆ ಅರಿಶಿನದ ಬಣ್ಣ ಕೂತರೆ ನಾವು ಕೆಂಪನ್ನು ಓದಲಾರೆವು.

ಮಾವ ಹೇಳಿದ್ದು ಕೇಳಲು ಕಷ್ಟವಾದರೂ ಪಟ್ಟಿಯಲ್ಲಿ ಇರಬೇಕಾದ ಮಾತೇ. ಸ್ತನದ ಕ್ಯಾನ್ಸರ್ ಚರ್ಮಕ್ಕೆ ಬಂದಾಗಲೂ ಕೆಂಪು, ಬಿಸಿ, ದಪ್ಪ ಆಗುತ್ತದೆ, ಆ್ಯಂಟಿಬಯೋಟಿಕ್ಕಿಗೆ ಬಗ್ಗುವುದಿಲ್ಲ. ಅದು ಕಿತ್ತಳೆ ಸಿಪ್ಪೆಯ ಹಾಗೆ ತೂತುತೂತಾಗುತ್ತದೆ ಇಲ್ಲವೇ ಸಣ್ಣ ಗಂಟುಗಳಾಗುತ್ತದೆ, ಕಿರಣದ ಗೆರೆಯನ್ನು ದಾಟುತ್ತದೆ, ವಾರದಿಂದ ವಾರಕ್ಕೆ ಹೆಚ್ಚುತ್ತದೆ. ಎರಡು ಮೂರು ವಾರದಲ್ಲಿ ಕೆಂಪು ಇಳಿಮುಖವಾಗದಿದ್ದರೆ ಚರ್ಮದ ಚೂರು ತೆಗೆದು ಬಯಾಪ್ಸಿ ಮಾಡಿ ಎಂದು ನೀವೇ ಕೇಳಿ, ಸಂಕೋಚ ಬೇಡ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯದನ್ನು ಇದಕ್ಕಿಂತ ದೊಡ್ಡ ದನಿಯಲ್ಲಿ ಹೇಳಬೇಕು. ಅಡ್ಡಪರಿಣಾಮವನ್ನು ಸೋಂಕು ಎಂದು ತಿಳಿದರೆ ಒಂದಷ್ಟು ಮಾತ್ರೆ ದಂಡ, ಚಿಕಿತ್ಸೆ ಒಂದು ವಾರ ತಡ. ಸೋಂಕನ್ನು ಅಡ್ಡಪರಿಣಾಮ ಎಂದು ತಿಳಿದರೆ ಜೀವವೇ ಹೋಗಬಹುದು. ಈ ಎರಡು ತಪ್ಪುಗಳನ್ನು ನಾನು ಯಾವತ್ತೂ ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ. ಕೆಲವು ವರ್ಷಗಳ ಹಿಂದೆ ಆಷಾಢದ ಮಳೆಯಲ್ಲಿ ಘಟ್ಟದ ಮೇಲಿನ ಒಬ್ಬ ಹೆಂಗಸು ನನ್ನ ವಾರ್ಡಿಗೆ ಬಂದರು. ಕಿಮೋ ಆಗಿ ಒಂಬತ್ತನೇ ದಿನ ಚಳಿ ಬಂದು ಜ್ವರ. ಕಿಮೋ ಜ್ವರ, ಎಲ್ಲರಿಗೂ ಬರುತ್ತದೆ ಎಂದು ಯಾರೋ ಹೇಳಿದರಂತೆ. ಆರು ಗಂಟೆಗೊಂದು ಪ್ಯಾರಾಸಿಟಮಾಲ್ ನುಂಗುತ್ತ ಎರಡು ದಿನ ಕಳೆದರು. ಮಾತ್ರೆ ಜ್ವರವನ್ನು ಮುಚ್ಚಿತು, ಸೋಂಕು ಒಳಗೆ ಬೆಳೆಯಿತು. ನನ್ನ ಮುಂದೆ ಮಲಗಿಸಿದಾಗ ಕೈಕಾಲು ತಣ್ಣಗಿತ್ತು, ಬಿಪಿ ಸಿಗುತ್ತಿರಲಿಲ್ಲ. ಮೈಮೇಲೆ ಎಲ್ಲೂ ಕೀವಿಲ್ಲ, ಕೆಂಪಿಲ್ಲ, ತೋಳಿನ ಸೂಜಿಯ ಜಾಗದಲ್ಲಿ ಬೆರಳುಗುರಿನಷ್ಟು ತೆಳುಗುಲಾಬಿ ಮಾತ್ರ. ಕೀವಾಗಲು ಬಿಳಿಕಣ ಬೇಕು. ಅದು ಇಲ್ಲದವರ ಮೈಯಲ್ಲಿ ಸೋಂಕಿಗೆ ತೋರಿಸಿಕೊಳ್ಳುವ ದಾರಿಯೇ ಇರುವುದಿಲ್ಲ. ಅವರು ಉಳಿದರು, ಆದರೆ ಆ ರಾತ್ರಿ ನಾನು ಅವರ ಮಗನಿಗೆ ಭರವಸೆ ಕೊಡಲು ಆಗಿರಲಿಲ್ಲ.

ಹಾಗಾಗಿ ಥರ್ಮಾಮೀಟರ್ ಮನೆಯಲ್ಲಿರಲಿ. ಕಿಮೋ ಆದ 7ರಿಂದ 14ನೇ ದಿನದ ನಡುವೆ ಬಿಳಿಕಣ ತಳ ಮುಟ್ಟುತ್ತದೆ. ಬಾಯಲ್ಲಿ ಇಟ್ಟು ನೋಡಿದಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಬಂದರೆ, ಹಗಲಾಗಲಿ ರಾತ್ರಿಯಾಗಲಿ, ಆಸ್ಪತ್ರೆ. ಮೊದಲು ಮಾತ್ರೆ ನುಂಗಿ ನೋಡೋಣ ಎಂಬುದು ಬೇಡ. ಕಂಕುಳಲ್ಲಿ ಇಟ್ಟರೆ ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ನೆನಪಿರಲಿ. ಚಳಿ ನಡುಕ ಬಂದರೆ ಥರ್ಮಾಮೀಟರ್ ಏನೇ ಹೇಳಲಿ, ಹೊರಡಿ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಹೋಗಬೇಕು ಎಂಬುದು ನಾವೆಲ್ಲ ಪಾಲಿಸುವ ನಿಯಮ.

ನಮ್ಮ ಜಿಲ್ಲೆಯಲ್ಲಿ ಆ ಒಂದು ಗಂಟೆಯ ಲೆಕ್ಕ ಎಷ್ಟು ಕಷ್ಟ ಎಂದು ನನಗೆ ಗೊತ್ತು, ನಾನೂ ಶಿರಸಿ ಸೀಮೆಯವಳು. ಕ್ಯಾನ್ಸರ್ ಚಿಕಿತ್ಸೆಗೆ ಒಬ್ಬರು ಮಣಿಪಾಲ ಅಥವಾ ಮಂಗಳೂರಿಗೆ, ಇನ್ನೊಬ್ಬರು ಹುಬ್ಬಳ್ಳಿಗೆ, ಕಾರವಾರದ ಕಡೆಯವರು ಗೋವಾಕ್ಕೆ, ಉಳಿದವರು ಬೆಂಗಳೂರಿನ ಕಿದ್ವಾಯಿಗೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಏನಾಯಿತು ಎಂದು ನೀವೆಲ್ಲ ನೋಡಿದ್ದೀರಿ. ಜ್ವರ ಬಂದಾಗ ಕಿಮೋ ಕೊಟ್ಟ ಆಸ್ಪತ್ರೆಯನ್ನೇ ಮುಟ್ಟಬೇಕು ಎಂದು ಹಟ ಹಿಡಿಯಬೇಡಿ. ಹತ್ತಿರದ ತಾಲೂಕು ಆಸ್ಪತ್ರೆಯೋ ಕಾರವಾರದ ಮೆಡಿಕಲ್ ಕಾಲೇಜಿನ ಆಸ್ಪತ್ರೆಯೋ, ಎಲ್ಲಿ ರಕ್ತ ಪರೀಕ್ಷೆ ಮಾಡಿ ಮೊದಲ ಇಂಜೆಕ್ಷನ್ ಕೊಡುತ್ತಾರೋ ಅಲ್ಲಿಗೆ ಮೊದಲು. ಬಾಗಿಲಲ್ಲೇ ಹೇಳಿ: ಕಿಮೋ ಆಗಿ ಇಷ್ಟನೇ ದಿನ, ಜ್ವರ ಇದೆ. ಅಲ್ಲಿಂದ ನಿಮ್ಮ ಡಾಕ್ಟರಿಗೆ ಫೋನ್ ಮಾಡಿಸಿ. ಇನ್ನೊಂದು ವಿಷಯ: ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ, ಬೇಸಿಗೆಯಲ್ಲಿ ಸಿದ್ದಾಪುರ, ಹೊನ್ನಾವರದ ಕಾಡಿನ ಸೆರಗಿನಲ್ಲಿ ಮಂಗನಕಾಯಿಲೆ. ಕ್ಯಾನ್ಸರ್ ಇದ್ದವರಿಗೆ ಇವೆಲ್ಲ ಬರುವುದಿಲ್ಲ ಎಂದೇನಿಲ್ಲ. ತೋಟಕ್ಕೆ, ಸೊಪ್ಪಿನ ಬೆಟ್ಟಕ್ಕೆ ಹೋಗಿದ್ದರೆ ಅದನ್ನೂ ಹೇಳಿ.

ಈಗ ಆಯಿಯ ಕೆಂಪಿಗೆ ಏನು ಮಾಡಬೇಕು. ಇವತ್ತೇ ಒಂದು ಬಾಲ್‌ಪೆನ್ನಿನಿಂದ ಕೆಂಪಿನ ಅಂಚಿನುದ್ದಕ್ಕೂ ಚುಕ್ಕೆ ಇಡಿ, ಪಕ್ಕದಲ್ಲಿ ತಾರೀಕು ಬರೆಯಿರಿ. ನಾಳೆ ಅದೇ ಹೊತ್ತಿಗೆ, ಅದೇ ಬೆಳಕಿನಲ್ಲಿ ನೋಡಿ. ಚುಕ್ಕೆ ದಾಟಿ ಹಬ್ಬಿದ್ದರೆ, ತೋಳಿನ ಕಡೆ ಕೆಂಪು ಎಳೆ ಏರಿದ್ದರೆ, ಒದ್ದೆಯಾಗಿ ವಾಸನೆ ಬಂದರೆ ಸೋಂಕೆಂದೇ ತಿಳಿದು ಅವತ್ತೇ ತೋರಿಸಿ. ಕಂಕುಳ ಗಂಟು ತೆಗೆದ ಕಡೆಯ ತೋಳಿಗೆ ಸೆಲ್ಯುಲೈಟಿಸ್, ಅಂದರೆ ಚರ್ಮದಡಿಯ ಸೋಂಕು, ಬೇಗ ಹಿಡಿಯುತ್ತದೆ, ಆ ಕೈಯಲ್ಲಿ ಗಾಯವಾಗದ ಹಾಗೆ ನೋಡಿಕೊಳ್ಳಿ. ಕೆಂಪು ಚುಕ್ಕೆಯೊಳಗೇ ನಿಂತಿದ್ದರೆ ಐದು ದಿನ ಕಾಯದೆ ನಾಳೆಯೇ ಕಿಮೋ ಕೊಡುವ ಡಾಕ್ಟರಿಗೆ ಫೋನ್ ಮಾಡಿ, ಫೋಟೊ ಕಳಿಸಿ, ಡೋಸಿಗೆ ಮೊದಲು ಪರೀಕ್ಷೆ ಮಾಡಲು ಸಮಯ ಕೇಳಿ. 14 ತಿಂಗಳ ಹಿಂದಿನ ರೇಡಿಯೇಶನ್ ಫೈಲನ್ನು ಕಪಾಟಿನಿಂದ ತೆಗೆದು ಜೊತೆಗೆ ಒಯ್ಯಿರಿ. ಅದರಲ್ಲಿ ಎದೆಯ ಮೇಲೆ ಕಿರಣದ ಚೌಕ ಬಿದ್ದ ಚಿತ್ರ ಇರುತ್ತದೆ. ನಾನು ಹೀಗೆಯೇ ಒಮ್ಮೆ ಹಳೇ ಚಿತ್ರವನ್ನು ರೋಗಿಯ ಪಕ್ಕ ಹಿಡಿದು ನೋಡಿದ್ದೆ. ಕೆಂಪಿನ ಮೇಲಂಚು ಹಚ್ಚೆಯ ಚುಕ್ಕೆಯಿಂದ ಒಂದು ಬೆರಳು ಮೇಲೆ, ಚಿತ್ರದಲ್ಲೂ ಅಷ್ಟೇ. ಆಮೇಲೆ ಯಾರೂ ಆ್ಯಂಟಿಬಯೋಟಿಕ್ ಮಾತೆತ್ತಲಿಲ್ಲ.

ರೀಕಾಲ್ ಎಂದು ಖಚಿತವಾದರೆ ಮುಂದಿನ ದಾರಿ ಒಂದೇ ಇಲ್ಲ. ಸಾಮಾನ್ಯವಾಗಿ ಕೆಂಪು ಇಳಿಯುವವರೆಗೆ ಡೋಸ್ ಮುಂದೂಡುತ್ತೇವೆ, ಸ್ಟಿರಾಯ್ಡ್ ಮುಲಾಮು ಕೊಡುತ್ತೇವೆ, ಉರಿ ಜಾಸ್ತಿಯಿದ್ದರೆ ಕೆಲವು ದಿನ ಸ್ಟಿರಾಯ್ಡ್ ಮಾತ್ರೆ. ಆದರೆ ಸೋಂಕಿಲ್ಲ ಎಂದು ನೋಡಿಕೊಂಡ ಮೇಲೆ ಮಾತ್ರ, ಯಾಕೆಂದರೆ ಸೋಂಕಿದ್ದಲ್ಲಿ ಸ್ಟಿರಾಯ್ಡ್ ಬೆಂಕಿಗೆ ತುಪ್ಪ ಸುರಿದ ಹಾಗೆ. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆಯೂ ಏರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ಹಚ್ಚಬೇಡಿ. ಅದೇ ಔಷಧಿ ಮತ್ತೆ ಕೊಟ್ಟರೆ ಮತ್ತೆ ಕೆಂಪಾಗಲೇಬೇಕೆಂದಿಲ್ಲ. ಸ್ಟಿರಾಯ್ಡ್ ರಕ್ಷಣೆಯಲ್ಲಿ ಕೊಟ್ಟು ಏನೂ ಆಗದ ರೋಗಿಗಳನ್ನು ನೋಡಿದ್ದೇನೆ. ಚರ್ಮ ಒಡೆದು ಹುಣ್ಣಾಗಿದ್ದರೆ ಮಾತ್ರ ನಾನು ಬೇರೆ ಔಷಧಿಗೆ ಬದಲಿಸುವತ್ತ ವಾಲುತ್ತೇನೆ. ಮುಂದೂಡುವುದಕ್ಕೂ ಬೆಲೆಯಿದೆ: ಲಿವರಿನ ರೋಗ ಕಾಯುವುದಿಲ್ಲ. ಒಂದು ವಾರ ತಡವಾದರೆ ನನಗೆ ಚಿಂತೆಯಿಲ್ಲ, ಹೆದರಿಕೊಂಡು ಎರಡು ತಿಂಗಳು ಮನೆಯಲ್ಲೇ ಉಳಿದರೆ ಇದೆ. ನೀವಾಗಿ ಕಿಮೋ ನಿಲ್ಲಿಸಬೇಡಿ.

ಅಲ್ಲಿಯವರೆಗೆ ಹಂಡೆಯ ಬಿಸಿನೀರು ಎದೆಗೆ ಬೇಡ, ಉಗುರುಬೆಚ್ಚಗಿನದು ಸಾಕು. ಸೋಪು ತಿಕ್ಕಬೇಡಿ. ಹಳೇ ಹತ್ತಿ ಸೀರೆಯ ಮೆತ್ತನೆ ಬಟ್ಟೆ ಒಳಗೆ ಇರಲಿ. ಚರ್ಮ ಒಡೆದಿಲ್ಲದಿದ್ದರೆ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಬಹುದು.

ಈ ಗೊಂದಲ ಚರ್ಮಕ್ಕಷ್ಟೇ ಇರುವುದಲ್ಲ, ನಿಮ್ಮ ಹಾಗೆ ಓದುವ ಇತರರಿಗಾಗಿ ಬರೆಯುತ್ತೇನೆ. ಎದೆಗೆ ಕಿರಣ ಆದ ಒಂದರಿಂದ ಆರು ತಿಂಗಳೊಳಗೆ ಒಣಕೆಮ್ಮು, ಏದುಸಿರು, ಸಣ್ಣ ಜ್ವರ ಬಂದರೆ ಅದು ಶ್ವಾಸಕೋಶದ ಕಿರಣದ ಉರಿಯೂತ ಇರಬಹುದು. ಎಕ್ಸ್‌ರೇಯಲ್ಲಿ ಕಲೆ ಕಂಡು ನ್ಯುಮೋನಿಯಾ ಎನ್ನುತ್ತಾರೆ, ಕೆಲವೊಮ್ಮೆ ಟಿಬಿ ಎನ್ನುತ್ತಾರೆ. ಕರಾವಳಿಯ ಒಬ್ಬ ಮೀನುಗಾರರು ಅನ್ನನಾಳದ ಕ್ಯಾನ್ಸರಿಗೆ ಕಿರಣ ಪಡೆದವರು, ಎರಡು ತಿಂಗಳು ಟಿಬಿ ಮಾತ್ರೆ ನುಂಗಿ ನನ್ನ ಹತ್ತಿರ ಬಂದಿದ್ದರು. ಕಫದಲ್ಲಿ ಟಿಬಿ ಸಿಕ್ಕಿರಲೇ ಇಲ್ಲ. ಸಿ.ಟಿ.ಯಲ್ಲಿ ಶ್ವಾಸಕೋಶದ ಕಲೆಯ ಅಂಚೂ ನೇರ ಗೆರೆ! ಸ್ಟಿರಾಯ್ಡ್ ಶುರು ಮಾಡಿದ ಮೇಲೆ ಹತ್ತು ದಿನಕ್ಕೆ ಮೆಟ್ಟಿಲು ಹತ್ತಿ ಬಂದರು. ಆದರೆ ನಮ್ಮಲ್ಲಿ ನಿಜವಾದ ಟಿಬಿಯೂ ಇದೆ, ಕಫ ಪರೀಕ್ಷೆ ಮಾಡದೆ ಸ್ಟಿರಾಯ್ಡ್ ಕೊಡುವುದು ಅಷ್ಟೇ ಅಪಾಯ. ಗರ್ಭಕಂಠದ ಕ್ಯಾನ್ಸರಿಗೆ ಕಿರಣ ಆದವರ ಉರಿಮೂತ್ರಕ್ಕೆ ಪದೇಪದೇ ಆ್ಯಂಟಿಬಯೋಟಿಕ್ ಕೊಡುವ ಮೊದಲು ಮೂತ್ರದ ಕಲ್ಚರ್ (ಕ್ರಿಮಿ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿ, ಬರೀ ಕಿರಣದ ಉರಿಯೂ ಇರಬಹುದು. ಪೆಂಬ್ರೋಲಿಜುಮಾಬ್, ನಿವೋಲುಮಾಬ್ ಎಂಬ ಇಮ್ಯುನೋಥೆರಪಿ ಪಡೆಯುವವರಿಗೆ ದಿನಕ್ಕೆ ನಾಲ್ಕೈದು ಸಲ ಭೇದಿಯಾದರೆ ಮದುವೆಮನೆ ಊಟದ ಮೇಲೆ ಹಾಕಿ ಸುಮ್ಮನಿರಬೇಡಿ. ಅವರದೇ ರೋಗನಿರೋಧಕ ಶಕ್ತಿ ಕರುಳನ್ನು ಸುಡುತ್ತಿರಬಹುದು, ಅದಕ್ಕೆ ಚಿಕಿತ್ಸೆಯೇ ಬೇರೆ. ಜೆಫಿಟಿನಿಬ್, ಎರ್ಲೋಟಿನಿಬ್ ಎಂಬ ಕ್ಯಾನ್ಸರ್ ಮಾತ್ರೆ ನುಂಗುವವರ ಮುಖ, ಎದೆಯ ಮೇಲೆ ಏಳುವ ಮೊಡವೆಯಂಥ ಗುಳ್ಳೆಗಳೂ ಶುರುವಿನಲ್ಲಿ ಸೋಂಕಲ್ಲ.

ಕೊನೆಗೆ ಆಯಿ ಕೇಳಿದ ಪ್ರಶ್ನೆ. ಕಿರಣ ಮೈಯಲ್ಲಿ ಉಳಿದಿಲ್ಲ, 14 ತಿಂಗಳ ಹಿಂದೆ ಯಂತ್ರ ನಿಂತಾಗಲೇ ಅದು ಮುಗಿಯಿತು. ಈ ಕೆಂಪು ಯಾರಿಗೂ ಅಂಟುವುದಿಲ್ಲ. ನೀರುಗುಳ್ಳೆ ಎದ್ದು ಸರ್ಪಸುತ್ತು ಎಂದಾದರೆ ಮಾತ್ರ ಮಗುವಿಗೆ ಅದರಿಂದ ಚಿಕನ್‌ಪಾಕ್ಸ್ ಬರಬಹುದು, ಆಗ ಗುಳ್ಳೆ ಒಣಗುವವರೆಗೆ ದೂರ ಇರಲಿ. ಮಗುವಿಗೇ ನೆಗಡಿ, ಕೆಮ್ಮು ಇದ್ದರೆ ಆಯಿಯ ಸಲುವಾಗಿ ನಾಲ್ಕು ದಿನ ತಡೆಯಿರಿ. ಇವೆರಡೂ ಇಲ್ಲವೆಂದರೆ ಇವತ್ತು ಸಂಜೆಯೇ ಮೊಮ್ಮಗನನ್ನು ಎತ್ತಿಕೊಳ್ಳಲಿ. ಎಡಗಡೆ ಉರಿಯುತ್ತದೆ, ಬಲ ಹೆಗಲಿಗೆ ಹಾಕಿಕೊಳ್ಳಲು ಹೇಳಿ.